ಬಜಾರದ ಗೋಡೆಯಾಕೆ

ನಮ್ಮ ಊರಲ್ಲಿ ಗಿಡಮರ ಇಲ್ಲ. ಯಾಕಿಲ್ಲ ಎಂದು ನನ್ನನ್ನು ಕೇಳಬೇಡಿ. ಹೋಗಿ ಹೋಗಿ ಕಪ್ಪು ಬಂಡೆಯ ಮೇಲೆ ಊರು ಕಟ್ಟಿದ ಹಿರಿಯರನ್ನು ಕೇಳಬೇಕು, ಅವರು ಈಗ ಕೈಗೆ ಸಿಗುವುದಿಲ್ಲ. ನೆರಳು ಬೇಕೆಂದರೆ ನಮಗೆ ಗೋಡೆಯವರೇ ಗತಿ. ಪ್ರತಿ ಮನೆಯ ಹೊರಗೋಡೆಯ ಮೇಲೂ ಒಬ್ಬರಿದ್ದಾರೆ. ಸೊಂಟದ ಕೆಳಗೆ ಹಾವು, ಮೇಲೆ ನಮ್ಮ ನಿಮ್ಮ ಹಾಗೆ ಮನುಷ್ಯರು, ಕತ್ತಿನ ಹಿಂದೆ ಹೆಡೆ. ಬೆಳಗಿನ ಬಿಸಿಲು ಗೋಡೆಗೆ ತಾಗಿದ ಕೂಡಲೇ ಹೆಡೆ ಬಿಚ್ಚುತ್ತಾರೆ, ಅದರ ನೆರಳು ಅಂಗಳಕ್ಕೆ ಬೀಳುತ್ತದೆ. ಬಣ್ಣದ ನೆರಳಲ್ಲ, ಕೂತರೆ ಬೆನ್ನು ತಂಪಾಗುವಂಥ ನಿಜವಾದ ನೆರಳು. ಅದರಲ್ಲೇ ಜೋಳ ಹಸನು ಮಾಡುತ್ತೇವೆ, ಕೂಸುಗಳಿಗೆ ಎಣ್ಣೆ ಹಚ್ಚುತ್ತೇವೆ, ನೆರೆಯವರ ಮೇಲೆ ಚಾಡಿ ಹೇಳುತ್ತೇವೆ. ಮೆಣಸಿನಕಾಯಿ ಒಣಗಿಸಬೇಕಾದವರು ಮಾತ್ರ ಓಣಿಯ ನಡುವೆ ಹೋಗಬೇಕು.

ಸಂಜೆ ದೀಪ ಹಚ್ಚುವ ಮೊದಲು ಮನೆಮಂದಿಯೆಲ್ಲ ನೆರಳಿನಿಂದ ಎದ್ದು ಈಚೆ ಬರುತ್ತಾರೆ. ಹಿರಿಯರೊಬ್ಬರು ಗೋಡೆ ಮುಟ್ಟಿ “ಸಾಕವ್ವಾ” ಎನ್ನುತ್ತಾರೆ, ಗೋಡೆಯಲ್ಲಿ ಗಂಡಸಿದ್ದರೆ “ಸಾಕಪ್ಪಾ” ಎನ್ನುತ್ತಾರೆ. ಆಗ ಹೆಡೆ ಮಡಿಚಿಕೊಂಡು ಹೆಗಲ ಮೇಲೆ ಸೆರಗಿನ ಹಾಗೆ ಬೀಳುತ್ತದೆ. ಕೆಳಗೆ ಯಾರಾದರೂ ಕೂತೇ ಇದ್ದರೆ ಮಡಿಚುವುದಿಲ್ಲ, ಗೋಡೆಯವರ ಸ್ವಭಾವವೇ ಹಾಗೆ. ಉಂಡ ಮೇಲೆ ಕೈ ತೊಳೆಯುವಷ್ಟೇ ಸಹಜವಾಗಿ ಈ ಮಾತು ಎಲ್ಲ ಮನೆಗಳಲ್ಲೂ ನಡೆದುಬಂದಿದೆ.

ನಾನು ಹೆಡೆ ಬರೆಯುವವಳು. ದುಂಡವ್ವ ಎಂದರೆ ಊರಿಗೆಲ್ಲ ಗೊತ್ತು. ಮೈ, ಮುಖ, ಬಾಲ, ಒಡವೆ ಇವೆಲ್ಲ ಫಕೀರಪ್ಪನ ಪಾಲು. ಅವನು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಕಣ್ಣು ಬರೆಯುವುದರಲ್ಲಿ ಅವನ ಸಮ ಇನ್ನೊಬ್ಬರಿಲ್ಲ, ಬಾಯಿ ಮಾತ್ರ ಹರಕು. ಅವನು ಕೆಲಸ ಮುಗಿಸಿ ಇಳಿದ ಮೇಲೆ ನಾನು ಏಣಿ ಹತ್ತುತ್ತೇನೆ. ಹೆಡೆ ಬರೆಯುವುದು ಏನು ಮಹಾ ಎನ್ನುವವರು ಒಮ್ಮೆ ಬರೆದು ನೋಡಲಿ. ಹಾವಿಗೆ ಹೆಗಲಿಲ್ಲ, ಮನುಷ್ಯರಿಗೆ ಹೆಡೆಯಿಲ್ಲ, ಎರಡನ್ನೂ ಒಂದೇ ಕತ್ತಿನಲ್ಲಿ ಕೂಡಿಸಬೇಕು. ಹೆಡೆ ಕಿವಿಯ ಹಿಂದಿನಿಂದ ಹೊರಟರೆ ಓಲೆ ಸಿಕ್ಕಿಕೊಳ್ಳುತ್ತದೆ. ಹೆಗಲಿನಿಂದ ಹೊರಟರೆ ಕೈ ಎತ್ತಲಾಗುವುದಿಲ್ಲ. ಜಡೆಯನ್ನು ಹೆಡೆಯ ಒಳಗೆ ಬಿಟ್ಟರೆ ಮಡಿಚುವಾಗ ಎಳೆಯುತ್ತದೆ, ಹೊರಗೆ ಬಿಟ್ಟರೆ ಹೆಡೆಯ ಬೆನ್ನಿಗೆ ನಾಗರಹಾವಿಗಿರುವಂಥ ಕನ್ನಡಕದ ಗುರುತು ಮುಚ್ಚಿಹೋಗುತ್ತದೆ. ಆ ಗುರುತು ಇರುವುದೇ ಗೋಡೆಯ ಕಡೆಗೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ನಾನು ಮೊದಲು ಅದನ್ನೇ ಬರೆದು, ಒಣಗಲು ಬಿಟ್ಟು, ಅದರ ಮೇಲೆ ಹೆಡೆ ಬರೆಯುತ್ತೇನೆ. ನನಗೆ ಕೆಲಸ ಕಲಿಸಿದ ಸೋದರತ್ತೆ ಬಾಳವ್ವ ಹಾಗೆ ಕಲಿಸಿದ್ದಾಳೆ.

ಅತ್ತೆಯ ಮಾತು ಇನ್ನೂ ಕಿವಿಯಲ್ಲಿದೆ. “ಹೆಡಿ ಅಂದ್ರ ಬಿಸಿಲಿಗೆ ಹಿಡಿಯೂ ಕೊಡಿ ಅಲ್ಲ ನೋಡ, ಪಕ್ಕೆಲುಬು. ಕತ್ತಿನ ಎಲುಬು ಅಗಲ ಮಾಡಿ ಹಾವು ನಿಂದ್ರತೈತಿ. ನಿಂತಷ್ಟೂ ಹೊತ್ತು ಅದಕ್ಕ ನೋವಿರತೈತಿ. ಆಕಿ ಕೈ ಎಷ್ಟುದ್ದ ಐತೋ ಎಲುಬೂ ಅಷ್ಟ ಉದ್ದ ಬರಿ. ಒಂದು ಬೆರಳೂ ಹೆಚ್ಚು ಬ್ಯಾಡ.”

ಬರೆಸುವವರಿಗೆ ಇದು ತಿಳಿಯುತ್ತದೆಯೇ? ಒಬ್ಬಳಿಗೆ ಹೆಡೆಯ ಅಂಚಿಗೆ ಜರಿ ಬೇಕು, ಒಬ್ಬನಿಗೆ ಏಳು ಹೆಡೆ ಬೇಕು, ಮನೆಯಲ್ಲಿ ಇರುವುದು ಮೂರೇ ಜನ. ಒಬ್ಬ ಸೊಸೆ ತನ್ನ ಮಾವನ ಹೋಲಿಕೆಯಲ್ಲಿ ಗೋಡೆಯವರನ್ನು ಬರೆಸಿ, ಹೆಡೆಯ ಮೇಲೆ ರುಮಾಲು ಸುತ್ತಲೇಬೇಕೆಂದು ಹಟ ಹಿಡಿದಳು. ಹೆಡೆ ಬಿಚ್ಚಿರುವಾಗ ರುಮಾಲು ಚೆನ್ನಾಗಿಯೇ ಇತ್ತು. ಸಂಜೆ ಮಡಿಚಿದಾಗ ಮೂಗಿನವರೆಗೆ ಜಾರಿತು. ಮರುದಿನ ಸಂಜೆ ಮೇಲೆ ಏರಿಸಲು ಹೋದರೆ ಗೋಡೆಯ ಮಾವ ಮುಖ ತಿರುಗಿಸಿಬಿಟ್ಟರು. ಸೊಸೆಯ ಮುಖ ಕಾಣದಿರುವುದೇ ಅವರಿಗೆ ನೆಮ್ಮದಿ ಎಂದು ಫಕೀರಪ್ಪ ಇವತ್ತಿಗೂ ಆಡಿಕೊಳ್ಳುತ್ತಾನೆ.

ಇಷ್ಟೆಲ್ಲ ತಿಳಿದ ನಾನೇ ದೊಡ್ಡ ತಪ್ಪು ಮಾಡಿದೆ. ಹನ್ನೊಂದು ವರ್ಷದ ಹಿಂದಿನ ಮಾತು. ಆ ವರ್ಷ ಬೇಸಿಗೆ ಬಂತು, ಹೋಗಲೇ ಇಲ್ಲ. ಬಜಾರ ಯಾರ ಮನೆಯೂ ಅಲ್ಲವಲ್ಲ, ಅಲ್ಲಿನ ಗೋಡೆ ಬೋಳಾಗಿಯೇ ಇತ್ತು. ನಲವತ್ತು ಮಂದಿ ತಲೆಯ ಮೇಲೆ ಬಟ್ಟೆ ಹಾಕಿಕೊಂಡು ಬೇಯುತ್ತ ವ್ಯಾಪಾರ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಸೊಪ್ಪು ಮಾರುವ ಗುರುಬಸವ್ವ ಕೂತಲ್ಲಿಯೇ ಪಕ್ಕಕ್ಕೆ ವಾಲಿದಳು. ನಾನು ಎದುರಿಗೇ ಇದ್ದೆ. ನೀರು ಹೊಯ್ದರೂ ಅವಳಿಗೆ ಎಚ್ಚರ ಬರಲು ಬಹಳ ಹೊತ್ತು ಹಿಡಿಯಿತು. ಅಂದಿನಿಂದ ಬಿಸಿಲಲ್ಲಿ ಒಂದು ಗಳಿಗೆ ನಿಂತರೂ ಅವಳಿಗೆ ತಲೆ ತಿರುಗುತ್ತದೆ.

ಮರುದಿನವೇ ಫಕೀರಪ್ಪನನ್ನು ಎಳೆದುಕೊಂಡು ಹೋದೆ. ಅವನು ಗೋಡೆಯ ನಡುವೆ ಒಬ್ಬಾಕೆಯನ್ನು ಬರೆದ, ನಿಂತ ಹೆಣ್ಣಿನ ಎರಡರಷ್ಟು ಎತ್ತರ, ತುಟಿಯಲ್ಲಿ ಸಣ್ಣ ನಗು. ನಾನು ಏಣಿ ಹತ್ತಿ ಅಳತೆಯನ್ನೆಲ್ಲ ಗಾಳಿಗೆ ತೂರಿದೆ. ಬೀಗದ ಅಂಗಡಿಯ ಮೂಲೆಯಿಂದ ಹಿಡಿದು ಹಿಟ್ಟಿನ ಗಿರಣಿಯ ಮೂಲೆಯವರೆಗೆ ಹೆಡೆ ಬರೆದೆ. ಒಂದೊಂದು ಎಲುಬೂ ನಾಲ್ಕಾಳು ಉದ್ದ. ಕನಿಕರ ಅರ್ಧ, ಕೊಬ್ಬು ಅರ್ಧ, ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಆ ಹೆಡೆ ಬಿಚ್ಚಿದಾಗ ನಲವತ್ತು ಮಂದಿಯ ಮೇಲೂ ಒಟ್ಟಿಗೆ ನೆರಳು ಬಿತ್ತು. ಜನ ನನ್ನನ್ನು ಅಟ್ಟಕ್ಕೇರಿಸಿದರು. ಸಂಜೆ ಹೆಡೆ ಮಡಿಚಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಬಜಾರದವರಿಗೆ ಖುಷಿಯೇ ಆಯಿತು, ಹೊತ್ತು ಮುಳುಗುವ ತನಕ ತಂಪು ಸಿಗುತ್ತದಲ್ಲ. ನನಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಎಲುಬಿನ ಭಾರಕ್ಕೆ ಮಡಿಚಲಾಗುತ್ತಿಲ್ಲ, ಇದು ನನ್ನ ಕೈಯ ತಪ್ಪು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಆ ಓಣಿಗೆ ಹೋಗುವುದನ್ನೇ ಬಿಟ್ಟೆ, ಕಾಯಿಪಲ್ಲೆ ತರಲು ಬೇರೆಯವರನ್ನು ಕಳಿಸುತ್ತಿದ್ದೆ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಮೊನ್ನೆ ಬೇಸಿಗೆಯ ಮೊದಲಲ್ಲಿ ಒಂದು ಬೆಳಿಗ್ಗೆ ಗುರುಬಸವ್ವನೇ ನನ್ನ ಮನೆಗೆ ಬಂದಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು. ನನ್ನ ಮುಂದೆ ಬಿಚ್ಚಿ ಸುರಿದಳು, ಗೋಡೆಯ ಗಾರೆಯ ಚೂರುಗಳು.

“ಮೆಂತ್ಯಪಲ್ಲೆದಾಗ ಬೀಳಾಕತ್ತಾವು ದುಂಡವ್ವಾ. ಮೂರು ದಿನಾತು.”

“ಗೋಡಿ ಹಳೇದಾತಲ್ಲಕ್ಕಾ,” ಎಂದೆ.

“ಗೋಡಿ ಗಟ್ಟಿ ಐತಿ. ಆಕಿ ಕತ್ತು ಬಿರಿಯಾಕತ್ತೈತಿ. ಇಷ್ಟು ವರ್ಷ ಆಕಿಗೆ ಬೆನ್ನು ಹಾಕಿ ಕುಂತಿದ್ದೆ. ನಿನ್ನಿ ಹೊಳ್ಳಿ ನೋಡಿದೆ. ಹೆರಿಗಿ ಬ್ಯಾನಿ ತಿನ್ನಾಕಿ ಮಾರಿ ಇದ್ದಂಗ ಐತಿ ಆಕಿ ಮಾರಿ. ಬಂದು ನೋಡು.”

ಹೋಗದೆ ನಿರ್ವಾಹವಿರಲಿಲ್ಲ. ಫಕೀರಪ್ಪನೂ ಬಂದ. ಬಜಾರ ಎಂದಿನಂತೆ ಗಿಜಿಗುಡುತ್ತಿತ್ತು, ನಲವತ್ತೂ ಮಂದಿ ಗೋಡೆಗೆ ಬೆನ್ನು ಮಾಡಿ, ಗಿರಾಕಿಗಳ ಕಡೆ ಮುಖ ಮಾಡಿ ಕೂಗುತ್ತಿದ್ದರು. ನಾನು ತಲೆಯೆತ್ತಿದೆ. ಫಕೀರಪ್ಪ ಬರೆದಿದ್ದ ಸಣ್ಣ ನಗು ಅಲ್ಲಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದಳು. ಹಣೆಯ ನರ ಉಬ್ಬಿತ್ತು. ಕಿವಿಯ ಕೆಳಗಿನಿಂದ ಹೊರಟ ಬಿರುಕು ಕತ್ತನ್ನು ಅರ್ಧ ಸುತ್ತಿ ಕೊರಳ ಸರದವರೆಗೆ ಬಂದಿತ್ತು. ಆ ಕಣ್ಣುಗಳು ಎಲ್ಲರ ತಲೆಯ ಮೇಲಿನಿಂದ ಎಲ್ಲೋ ದೂರ ನೋಡುತ್ತಿದ್ದವು.

“ಇದು ನಾ ಬರದ ಮಾರಿ ಅಲ್ಲಕ್ಕಾ,” ಎಂದ ಫಕೀರಪ್ಪ. ಅವನು ತಮಾಷೆ ಮಾಡದ್ದು ನಾನು ಕಂಡದ್ದು ಅದೇ ಮೊದಲು. “ಇನ್ನ ಎಂಟು ದಿನ, ಹೆಚ್ಚಂದ್ರ. ಆಮ್ಯಾಲ ತಲಿ ಕಳಚಿ ಬೀಳತೈತಿ.”

ಏಣಿ ಹಾಕಿಸಿ ಹತ್ತಿದೆ. ಉದ್ದದ ಎಲುಬುಗಳನ್ನು ಅಳಿಸಿ ಗಿಡ್ಡ ಮಾಡಿದರೆ ಭಾರ ಇಳಿದೀತು ಎಂದು ಸುಣ್ಣ ಬಳಿದೆ. ಸುಣ್ಣ ನೀರಿನ ಹಾಗೆ ಜಾರಿ ಕೆಳಗಿಳಿಯಿತು. ನನಗೇನು ಗೊತ್ತಿರಲಿಲ್ಲವೇ? ಬಿಚ್ಚಿದ ಹೆಡೆಗೆ ಬಣ್ಣವೂ ಹತ್ತುವುದಿಲ್ಲ, ಸುಣ್ಣವೂ ಹತ್ತುವುದಿಲ್ಲ. ತಿದ್ದುವುದಿದ್ದರೆ ಮಡಿಚಿದಾಗಲೇ ತಿದ್ದಬೇಕು. ಮಡಿಚಲಾರದವಳನ್ನು ತಿದ್ದುವುದು ಹೇಗೆ? ಕೆಳಗಿಳಿದು ಕೂತು ಅತ್ತುಬಿಟ್ಟೆ, ಬಜಾರದ ನಡುವೆ, ಅಷ್ಟು ಜನರೆದುರು.

ಗುರುಬಸವ್ವ ಪಕ್ಕದಲ್ಲಿ ಬಂದು ಕುಕ್ಕುರುಗಾಲಲ್ಲಿ ಕೂತಳು. ಸುತ್ತಲಿನವರಿಗೆ ಕೇಳುವ ಹಾಗೆ, “ಇಲ್ಲೆ ದಿನಾ ಸಂಜಿಕ್ಕ ಸಾಕು ಅನ್ನಾವ್ರು ಯಾರು?” ಎಂದಳು.

ಬಳೆಗಾರ್ತಿ, “ಗಿರಣಿಯವ್ರು ಅಂತಾರಂತ ತಿಳದಿದ್ದೆ,” ಎಂದಳು. ಗಿರಣಿಯವನು ಬೀಗದ ಅಂಗಡಿಯವನತ್ತ ನೋಡಿದ. ಬೀಗದವನು ನನ್ನತ್ತ ನೋಡಿ, “ಬರದಾಕಿ ನೀನು. ನೀ ಅಂದಿರ್ತಿ ಅಂತ ನಾವು,” ಎಂದ. ನಾನು ಮಡಿಚಲಾರದವಳಿಗೆ ಏನು ಹೇಳುವುದೆಂದು ಮುಖ ಮರೆಸಿಕೊಂಡು ಮನೆಯಲ್ಲಿ ಕೂತಿದ್ದೆ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ಹೊರಗಿನವರು ಹೇಳುತ್ತಾರಂತೆ. ಗೋಡೆಯವರು ಕೇಳಿಸಿಕೊಂಡಾರೆಂದು ನಮ್ಮೂರಲ್ಲಿ ಆ ಗಾದೆಯನ್ನು ಯಾರೂ ಆಡುವುದಿಲ್ಲ. ಇಲ್ಲಿ ನಲವತ್ತು ಮಂದಿ ಸೇರಿ ಹಾವನ್ನು ಸಾಯಲು ಬಿಟ್ಟಿದ್ದೆವು. ಮನೆಯಲ್ಲಿ ಒಂದು ಸಂಜೆ ಬಿಡದೆ ಸಾಕವ್ವಾ ಎನ್ನುವವರೇ ಇವರೆಲ್ಲ. ಹನ್ನೊಂದು ವರ್ಷದಲ್ಲಿ ಇವಳಿಗೆ ಒಬ್ಬರಾದರೂ ಆ ಮಾತು ಹೇಳಿರಲಿಲ್ಲ.

ಗುರುಬಸವ್ವ ಎದ್ದು ಗೋಡೆ ಮುಟ್ಟಿದಳು. “ಸಾಕವ್ವಾ,” ಎಂದಳು. ಬಿರಿದ ಕತ್ತು ಸಣ್ಣಗೆ ನಡುಗಿತು, ನಾನೇ ಕಂಡೆ. ಹೆಡೆ ಅಲುಗಲಿಲ್ಲ. ಕೆಳಗೆ ಅಷ್ಟು ಜನ ಕೂತಿರುವಾಗ ಹೇಗೆ ಮಡಿಚಿಯಾಳು?

ಆಗ ಶುರುವಾಯಿತು ನೋಡಿ ಗುರುಬಸವ್ವನ ಓಡಾಟ. ಒಬ್ಬೊಬ್ಬರ ಬಳಿಗೂ ಹೋಗಿ ಕೈ ಹಿಡಿದು ಎಬ್ಬಿಸಿದಳು. ನಾನು ಮುಂದೆ ಆಗುವುದನ್ನು ಮುಚ್ಚಿಡಲಿಲ್ಲ. ಗಿಡ್ಡ ಮಾಡಿದರೆ ಹತ್ತು ಮಂದಿಗೆ ಮಾತ್ರ ನೆರಳು, ಪಾಳಿ ಹಚ್ಚಿಕೊಳ್ಳಬೇಕು ಎಂದೆ. ಕೆಲವರು ಗೊಣಗಿದರು, ಕೆಲವರು ನನ್ನನ್ನು ಬೈದರು, ಬೈಯುತ್ತಲೇ ಬುಟ್ಟಿ ಎತ್ತಿಕೊಂಡು ಬಿಸಿಲಿಗೆ ನಡೆದರು. ಕೊನೆಗೆ ಉಳಿದವನು ಬಾಳೆಹಣ್ಣಿನ ಅಡಿವೆಪ್ಪ, ಕಾಲ ಮೇಲೆ ಕಾಲು ಹಾಕಿಕೊಂಡು.

“ನನ್ನ ಹಣ್ಣು ತಾಸಿನಾಗ ಕರ್ರಗಾಗ್ತಾವ. ನಿಮ್ಮನ್ನ ಏನು ಬ್ಯಾಡ ಅಂದೀನಿ? ಅನ್ರಿ ಸಾಕು ಅಂತ. ನಾ ಇಲ್ಲೇ ಕುಂದ್ರತೀನಿ.”

“ನೀ ಕುಂತ್ರ ಆಕಿ ಮಡಚಂಗಿಲ್ಲೋ ಮಾರಾಯಾ,” ಎಂದ ಫಕೀರಪ್ಪ.

“ಹೆಡಿ ಬಿಚ್ಚಂತ ನಾ ಬೇಡಿಕೊಂಡಿದ್ದಿಲ್ಲ.”

ಹುಡುಗರು ಅವನ ಬುಟ್ಟಿಯನ್ನೇ ಎಳೆಯಲು ಹೋದರು. ಗುರುಬಸವ್ವ ತಡೆದಳು. “ಯಾರೂ ಮುಟ್ಟಬ್ಯಾಡ್ರಿ. ತಾನ ಏಳಬೇಕು. ಅಡಿವೆಪ್ಪಾ, ಎದುರಾಡಾಕ ಬಂದಿಲ್ಲ ನಾ. ಒಮ್ಮೆ ಹೊಳ್ಳಿ ಮ್ಯಾಲ ನೋಡು. ನೋಡಿದ ಮ್ಯಾಲೂ ಕುಂದ್ರಾಕಾದ್ರ ಕುಂದ್ರು.”

ನೋಡಿದರೆ ಏನೀಗ ಎನ್ನುವ ಠೀವಿಯಲ್ಲಿ ಅವನು ತಿರುಗಿದ. ತಲೆಯೆತ್ತಿದವನು ಹಾಗೆಯೇ ಉಳಿದ. ಮೆಲ್ಲಗೆ ಕಾಲ ಮೇಲಿನ ಕಾಲು ತೆಗೆದ. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಯಾರ ಕಡೆಯೂ ನೋಡದೆ ಬುಟ್ಟಿ ಹೊತ್ತು ನಮ್ಮ ಸಾಲಿಗೆ ಬಂದು ನಿಂತ.

ಮೊದಲು ಯಾರು ಎಂದರೋ ತಿಳಿಯದು. ನಲವತ್ತು ಬಾಯಿಯಿಂದ ಒಂದರ ಹಿಂದೆ ಒಂದು ಬಂತು ಆ ಮಾತು. ಸಾಕವ್ವಾ. ಸಾಕು ತಾಯಿ. ಸಾಕವ್ವಾ. ಗಿರಣಿಯ ಮೂಲೆಯಲ್ಲಿ ಹೆಡೆಯ ಅಂಚು ಒಂದು ಗೇಣು ಒಳಗೆ ಸರಿಯಿತು. ಆಮೇಲೆ ಬೀಗದಂಗಡಿಯ ಮೂಲೆ. ಇಬ್ಬರು ಹೆಂಗಸರು ತುದಿ ಹಿಡಿದು ದೊಡ್ಡ ಕೌದಿ ಮಡಿಚಿದ ಹಾಗೆ ಅದು ಮೆಲ್ಲಗೆ, ಸದ್ದು ಮಾಡುತ್ತ, ಎಲುಬಿಗೆ ಎಲುಬು ಕೂಡಿಸಿಕೊಂಡು ಒಳಗೆ ಬಂತು. ಹನ್ನೊಂದು ವರ್ಷದ ಧೂಳು ನಮ್ಮ ತಲೆಯ ಮೇಲೆ ಸುರಿಯಿತು. ಗುಬ್ಬಿಗೂಡುಗಳು ಬಿದ್ದವು, ಯಾವ ಕಾಲದ್ದೋ ಒಂದು ಗಾಳಿಪಟ ಬಿತ್ತು. ಬಜಾರದ ನೆಲಕ್ಕೆ ಬಿಸಿಲು ಬಂತು. ಹೆಡೆ ಅವಳ ಹೆಗಲಿನಿಂದ ಬಾಲದವರೆಗೆ ರಾಶಿಯಾಗಿ ಇಳಿದು ಬಿತ್ತು. ತಲೆ ಎದೆಗೆ ಒರಗಿತು. ಕಚ್ಚಿದ ಹಲ್ಲು ಬಿಟ್ಟುಕೊಂಡವು. ಹಾಗೇ ನೋಡುತ್ತಿದ್ದಂತೆ ಆ ಎರಡು ಕಣ್ಣುಗಳು ಮುಚ್ಚಿದವು.

“ನಾ ರೆಪ್ಪಿ ಬರದಿದ್ದಿಲ್ಲಕ್ಕಾ,” ಎಂದು ಫಕೀರಪ್ಪ ಪಿಸುಗುಟ್ಟಿದ. “ಹಾವಿಗೆ ರೆಪ್ಪಿ ಇರಂಗಿಲ್ಲಂತ ಬರದಿದ್ದಿಲ್ಲ.”

ನಾನು ಕೈಮುಗಿದೆ. ಎಷ್ಟು ಹೊತ್ತು ಮುಗಿದೇ ನಿಂತಿದ್ದೆನೋ, ಗುರುಬಸವ್ವ ಬೆನ್ನು ತಟ್ಟಿ ಏಣಿ ತೋರಿಸಿದಳು. ಬಿಸಿಲಿಗೆ ಅವಳ ಮುಖ ಆಗಲೇ ಕೆಂಡವಾಗಿತ್ತು. ಯಾರೋ ಮನೆಗೆ ಓಡಿ ಕೌದಿಗಳನ್ನು ತಂದರು. ನಾಲ್ಕು ಕೈಗಳು ಒಂದು ಕೌದಿ ಹಿಡಿದು ಅವಳ ತಲೆಯ ಮೇಲೆ ಚಾಚಿದವು. ನೋಡನೋಡುತ್ತ ಬಜಾರದ ತುಂಬ ಕೌದಿಗಳು ಎದ್ದವು. ಯಾರೂ ಗೋಡೆಯ ಹತ್ತಿರ ಸುಳಿಯಲಿಲ್ಲ.

ನಾನು ಬರೆದ ಅತಿ ದೊಡ್ಡ ಹೆಡೆಯನ್ನು ನನ್ನ ಕೈಯಾರೆ ಅಳಿಸಿದೆ. ಈ ಸಲ ಸುಣ್ಣ ಹತ್ತಿತು. ಗೋಡೆಯಾಕೆಯ ತೋಳಿಗೆ ದಾರ ಹಿಡಿದು ಅಳತೆ ತೆಗೆದೆ. ಅಷ್ಟೇ ಉದ್ದದ ಎಲುಬು, ಈ ಕಡೆ ಒಂಬತ್ತು, ಆ ಕಡೆ ಒಂಬತ್ತು, ಒಂದು ಬೆರಳೂ ಹೆಚ್ಚಿಲ್ಲ. ಪಕ್ಕದ ಏಣಿಯಲ್ಲಿ ಫಕೀರಪ್ಪ ಬೆಲ್ಲದ ನೀರಲ್ಲಿ ಕಲಸಿದ ಗಾರೆಯನ್ನು ಬಿರುಕಿಗೆ ಬೆರಳಿನಿಂದ ಒತ್ತುತ್ತಿದ್ದ, ಕೂಸಿನ ಗಾಯಕ್ಕೆ ಔಷಧ ಹಚ್ಚುವಷ್ಟು ಮೆತ್ತಗೆ. ಅವಳು ಮಿಸುಕಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಕೆಲಸ ಮುಗಿಯಿತು.

ಬೆಳಿಗ್ಗೆ ಎಲ್ಲರೂ ಬಂದು ಕಾದರು. ಬಿಸಿಲು ಗೋಡೆಗೆ ತಾಗಿತು, ಹೆಡೆ ಬಿಚ್ಚಲಿಲ್ಲ. ಎರಡನೆಯ ದಿನವೂ ಇಲ್ಲ. ಐದನೆಯ ದಿನಕ್ಕೆ ನನಗೆ ಅನ್ನ ಸೇರದಾಯಿತು. ಕೊಂದುಬಿಟ್ಟೆ ಎನಿಸಿತು. ಗಾರೆ ಗಟ್ಟಿಯಾಗಿದೆ, ಬಣ್ಣ ಮಾಸಿಲ್ಲ ಎಂದು ಫಕೀರಪ್ಪ ಧೈರ್ಯ ಹೇಳುತ್ತಿದ್ದ, ಅವನ ದನಿಯಲ್ಲೇ ಧೈರ್ಯವಿರಲಿಲ್ಲ. ಅಡಿವೆಪ್ಪನ ಹಣ್ಣು ನಿಜವಾಗಿಯೂ ಕಪ್ಪಾದವು. ಅವನು ದಿನಾ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ, ಆದರೆ ಪಿಸುದನಿಯಲ್ಲಿ. ಅವನೊಬ್ಬನೇ ಅಲ್ಲ, ಇಡೀ ಬಜಾರ ಪಿಸುಗುಡುತ್ತಿತ್ತು. ಕೂಗಿ ಮಾರುತ್ತಿದ್ದವರು ಬೆರಳು ಎತ್ತಿ ದರ ಹೇಳುತ್ತಿದ್ದರು. ಗಿರಣಿಯವನು ಸದ್ದಾಗದಿರಲೆಂದು ಗಾಲಿಗಳಿಗೆ ಎಣ್ಣೆ ಹಾಕಿದ.

ಗುರುಬಸವ್ವ ಒಂದು ದಿನವೂ ತಪ್ಪಿಸಲಿಲ್ಲ. ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೌದಿಯ ಕೆಳಗೆ ಕೂರುತ್ತಿದ್ದಳು. ಎರಡು ಸಲ ತಲೆ ತಿರುಗಿತು, ಎರಡು ಸಲವೂ ನೀರು ಕುಡಿದು ಮತ್ತೆ ಕೂತಳು. ಮನೆಯಲ್ಲಿರು ಎಂದು ಕಾಲು ಹಿಡಿದರೂ ಕೇಳಲಿಲ್ಲ. ಸಂಜೆಯಾದರೆ ಎದ್ದು ಹೋಗಿ ಗೋಡೆ ಮುಟ್ಟಿ, “ಸಾಕವ್ವಾ,” ಎಂದು ಹೇಳಿ ಬರುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ.

“ಹೆಡೀನ ಬಿಚ್ಚಿಲ್ಲ, ಏನು ಸಾಕು ಅಕ್ಕಾ?”

“ಹನ್ನೊಂದು ವರ್ಷ ಅನ್ನಲಾರದ್ದು ಉಳದೈತಲ್ಲ, ಅದನ್ನ ಅನ್ನಾಕತ್ತೀನಿ,” ಎಂದಳು. “ದಿನಕ್ಕ ಒಂದರಂಗ. ನನ್ನ ಜೀವಮಾನಕ್ಕ ಮುಗಿದೀತೋ ಇಲ್ಲೋ. ಆಕಿ ಮಲಗಲಿ ಬಿಡು.”

ಮರುಸಂಜೆ ಅವಳ ಹಿಂದೆ ನಾನೂ ಹೋಗಿ ಗೋಡೆ ಮುಟ್ಟಿದೆ. ಅದರ ಮರುಸಂಜೆ ತಿರುಗಿ ನೋಡಿದರೆ ನಮ್ಮ ಹಿಂದೆ ಸಾಲು ಬೆಳೆದಿತ್ತು. ಅಡಿವೆಪ್ಪ ಸಾಲಿನಲ್ಲಿ ನಿಂತು ಬೇರೆಲ್ಲೋ ನೋಡುತ್ತಿದ್ದ.

ಹದಿನೆಂಟನೆಯ ದಿನ ಬೆಳಿಗ್ಗೆ ನಾವು ಕೌದಿ ಕಟ್ಟುತ್ತಿದ್ದೆವು. ಬಳೆಗಾರ್ತಿಯ ಕೈಯಿಂದ ಹಗ್ಗ ಜಾರಿತು. ಅವಳು ನೋಡುತ್ತಿದ್ದ ಕಡೆ ನಾವೂ ನೋಡಿದೆವು. ಕಣ್ಣು ತೆರೆದಿದ್ದವು. ನಿದ್ದೆ ತುಂಬಿದ, ಕೆಂಪಗಿನ, ಈಗಷ್ಟೇ ಎದ್ದ ಹೆಣ್ಣಿನ ಕಣ್ಣು. ಅವು ದೂರ ನೋಡುತ್ತಿರಲಿಲ್ಲ. ನಮ್ಮ ಮುಖಗಳ ಮೇಲೆ ಒಂದೊಂದಾಗಿ ಸರಿದು ಬಂದವು. ನನ್ನ ಮೇಲೆ ಬಂದು ನಿಂತಾಗ ತಲೆ ತಗ್ಗಿಸಬೇಕೆನಿಸಿತು, ಆಗಲಿಲ್ಲ. ಕೋಪವಿರಲಿಲ್ಲ ಅಲ್ಲಿ. ಹೆಡೆ ಬಿಚ್ಚಿತು. ಹದಿನೆಂಟು ಎಲುಬುಗಳು ಒಂದರ ಹಿಂದೆ ಒಂದು, ಸದ್ದಿಲ್ಲದೆ ಅಗಲವಾದವು. ಹತ್ತು ಜನರಿಗಾಗುವಷ್ಟು ನೆರಳು ನೆಲದ ಮೇಲೆ ಬಿತ್ತು.

ಯಾರೂ ಮುಂದೆ ಹೋಗಲಿಲ್ಲ. ನಲವತ್ತು ಮಂದಿ ಬಿಸಿಲಲ್ಲಿ ನಿಂತು ಆ ನೆರಳನ್ನೇ ನೋಡುತ್ತಿದ್ದೆವು. ಖಾಲಿ ನೆರಳಿನ ಮೇಲೆ ಹೆಡೆ ಹಿಡಿದು ಅವಳು ಕಾಯುತ್ತಿದ್ದಳು. ಕೊನೆಗೆ ಅಡಿವೆಪ್ಪನೇ ಗುರುಬಸವ್ವನ ಸೊಪ್ಪಿನ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ನೆರಳಿನ ನಡುವೆ ಇಟ್ಟು ಬಂದ. “ನಡಿ ಬೇ ಯವ್ವಾ, ಮೊದಲ ಪಾಳಿ ನಿಂದು,” ಎಂದ.

ಗುರುಬಸವ್ವ ಚಪ್ಪಲಿ ಬಿಟ್ಟು ನೆರಳಿಗೆ ಕಾಲಿಟ್ಟಳು. ಬುಟ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿ, ಗಿರಾಕಿಗಳಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂತಳು. ಅವತ್ತು ಮೆಂತ್ಯ ಕೊಳ್ಳಲು ಬಂದವರು ಅವಳನ್ನು ಕೂಗಿ ಕರೆಯಲಿಲ್ಲ. ಬಗ್ಗಿ ತಾವೇ ಒಂದೊಂದು ಕಟ್ಟು ಆರಿಸಿಕೊಂಡು, ದುಡ್ಡನ್ನು ಬುಟ್ಟಿಯಲ್ಲಿಟ್ಟು ಹೋದರು.